ಬೈದದ್ದು ಹೌದು, ಪ್ಲೆಬ್ ಅಂದಿಲ್ಲ

ಬೈಗುಳದಲ್ಲೂ ಮಡಿ-ಮೈಲಿಗೆ ನೋಡುವವರು ನಾವಷ್ಟೇ ಎಂದುಕೊಂಡವರು ಒಮ್ಮೆ ಲಂಡನ್ ಹೈಕೋರ್ಟಿನ ಕಡತ ತಿರುವಿಹಾಕಬೇಕು. 2014ರ ನವೆಂಬರಿನಲ್ಲಿ ಅಲ್ಲಿ ಒಬ್ಬ ಮಾಜಿ ಮಂತ್ರಿ ಕಟಕಟೆಯಲ್ಲಿ ನಿಂತು, ಪೊಲೀಸರ ಎದುರು ಎಫ್ ಅಕ್ಷರದ ಆ ಜಗತ್ಪ್ರಸಿದ್ಧ ಪದ ತಮ್ಮ ಬಾಯಿಂದ ಬಂದದ್ದು ನಿಜ, ಅದಕ್ಕೆ ಕ್ಷಮೆಯನ್ನೂ ಕೇಳಿಯಾಗಿದೆ, ಆದರೆ ‘ಪ್ಲೆಬ್’ ಎಂದು ಮಾತ್ರ ಸುತರಾಂ ಅಂದಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಮೊದಲನೆಯದು ಮಕ್ಕಳು ಪಕ್ಕದಲ್ಲಿದ್ದರೆ ನಾವು ಟೀವಿಯ ದನಿ ಕುಗ್ಗಿಸುವಂಥ ಪದ. ಎರಡನೆಯದು ಇತಿಹಾಸದ ಮೇಷ್ಟ್ರು ರೋಮ್ ಸಾಮ್ರಾಜ್ಯದ ಪಾಠದಲ್ಲಿ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುವ ಪದ. ಹೊಲಸು ಮಾತನ್ನು ಒಪ್ಪಿಕೊಂಡ ಮನುಷ್ಯ ಪಠ್ಯಪುಸ್ತಕದ ಪದಕ್ಕಾಗಿ ಮಾನನಷ್ಟದ ದಾವೆ ಹೂಡಿದ್ದರು. ನ್ಯಾಯಾಧೀಶರಿಂದ ಹಿಡಿದು ಕಸ ಗುಡಿಸುವವನವರೆಗೆ ಇಂಗ್ಲೆಂಡಿನ ಒಬ್ಬನಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಮಂತ್ರಿಯ ಹೆಸರು ಆಂಡ್ರ್ಯೂ ಮಿಚೆಲ್. ಕನ್ಸರ್ವೇಟಿವ್ ಪಕ್ಷದವರು. ಓದಿದ್ದು ರಗ್ಬಿ ಶಾಲೆ ಮತ್ತು ಕೇಂಬ್ರಿಜ್. ಶಾಲೆಯಲ್ಲಿ ಕಿರಿಯರನ್ನು ಶಿಸ್ತಿನಲ್ಲಿಟ್ಟ ಕೀರ್ತಿಗೆ ‘ಥ್ರ್ಯಾಷರ್’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು, ಬಡಿಗೆರಾಯ ಎಂದುಕೊಳ್ಳಿ. 2012ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಇವರನ್ನು ಪಕ್ಷದ ಮುಖ್ಯ ಸಚೇತಕರನ್ನಾಗಿ ಮಾಡಿದರು. ನಾವು ಸಚೇತಕ ಎಂದು ಸಂಸ್ಕೃತದ ಶಾಲು ಹೊದಿಸಿ ಕೂರಿಸಿರುವ ಹುದ್ದೆಗೆ ಇಂಗ್ಲಿಷಿನಲ್ಲಿ ‘ವಿಪ್’ ಎನ್ನುತ್ತಾರೆ. ನರಿಬೇಟೆಯಲ್ಲಿ ದಾರಿ ತಪ್ಪುವ ನಾಯಿಗಳನ್ನು ಚಾಟಿ ಬೀಸಿ ಹಿಂಡಿಗೆ ಸೇರಿಸುವ ಆಳಿನಿಂದ ಬಂದ ಹೆಸರದು. ಅಂದರೆ ಮನುಷ್ಯನಿಗೂ ಹುದ್ದೆಗೂ ಸಾಲಾವಳಿ ಚೆನ್ನಾಗಿಯೇ ಕೂಡಿಬಂದಿತ್ತು.

ಎರಡು ವಾರ ಕಳೆದಿತ್ತಷ್ಟೆ. ಸೆಪ್ಟೆಂಬರ್ 19ರ ಸಂಜೆ ಮಿಚೆಲ್ ಸಾಹೇಬರು ಸೈಕಲ್ ಏರಿ ಡೌನಿಂಗ್ ಸ್ಟ್ರೀಟಿನಿಂದ ಹೊರಟರು. ಆ ಬೀದಿಯ ತುದಿಯಲ್ಲಿ ಕಪ್ಪು ಬಣ್ಣದ ಕಬ್ಬಿಣದ ದೊಡ್ಡ ಗೇಟಿದೆ. ಥ್ಯಾಚರ್ ಕಾಲದಲ್ಲಿ, 1989ರಲ್ಲಿ, ಭದ್ರತೆಗೆಂದು ಹಾಕಿಸಿದ್ದು. ಕಾರುಗಳಿಗೆ ದೊಡ್ಡ ಗೇಟು, ನಡೆದು ಬರುವವರಿಗೆ ಪಕ್ಕದಲ್ಲೊಂದು ದಿಡ್ಡಿ ಬಾಗಿಲು. ಸೈಕಲ್ಲಿನವರು ಇಳಿದು, ತಳ್ಳಿಕೊಂಡು, ದಿಡ್ಡಿ ಬಾಗಿಲಿನಿಂದ ಹೋಗಬೇಕು ಎಂದರು ಕಾವಲಿನ ಪೊಲೀಸರು. ಸಾಹೇಬರಿಗೆ ದೊಡ್ಡ ಗೇಟೇ ತೆರೆಯಬೇಕಿತ್ತು. ಇಡೀ ಪ್ರಕರಣದ ತಿರುಳು ಇಷ್ಟೇ. ಒಂದು ನಿಮಿಷವೂ ಹಿಡಿಯದ ಮಾತುಕತೆ. ಕೊನೆಗೆ ಅವರು ದಿಡ್ಡಿ ಬಾಗಿಲಿನಿಂದಲೇ ಹೊರಗೆ ಹೋದರು. ಹೋಗುವಾಗ ಏನು ಅಂದರು ಎಂಬುದನ್ನು ತೀರ್ಮಾನಿಸಲು ಆ ದೇಶಕ್ಕೆ ಎರಡು ವರ್ಷ ಹಿಡಿಯಿತು.

ಎರಡು ದಿನದ ಮೇಲೆ ‘ದಿ ಸನ್’ ಪತ್ರಿಕೆ ಸುದ್ದಿಯನ್ನು ಸ್ಫೋಟಿಸಿತು. ಸಾಹೇಬರು ಪೊಲೀಸರನ್ನು ‘ಪ್ಲೆಬ್ಸ್’ ಎಂದರಂತೆ, ನಿಮ್ಮ ಜಾಗ ಯಾವುದೆಂದು ತಿಳಿದುಕೊಳ್ಳಿ ಎಂದರಂತೆ, ಸರಕಾರ ನಡೆಸುವವರು ನೀವಲ್ಲ ಎಂದರಂತೆ. ಪೊಲೀಸರ ದಾಖಲೆ ಪುಸ್ತಕದಲ್ಲಿ ಇದೆಲ್ಲ ಇದೆ ಎಂಬುದು ಆಮೇಲೆ ಬೇರೊಂದು ಪತ್ರಿಕೆಯಲ್ಲಿ ಬಂತು. ಗಳಿಗೆಯೂ ಕೆಟ್ಟದಾಗಿತ್ತು. ಗೇಟಿನ ಜಗಳದ ಹಿಂದಿನ ದಿನವಷ್ಟೇ ಮ್ಯಾಂಚೆಸ್ಟರ್ ಬಳಿ ಇಬ್ಬರು ಮಹಿಳಾ ಪೇದೆಗಳು ಕರ್ತವ್ಯದ ಮೇಲಿದ್ದಾಗಲೇ ಕೊಲೆಯಾಗಿದ್ದರು. ದೇಶ ಪೊಲೀಸರಿಗಾಗಿ ಕಣ್ಣೀರಿಡುತ್ತಿದ್ದ ಹೊತ್ತಿನಲ್ಲಿ ಸೈಕಲ್ಲಿನ ಮೇಲಿಂದ ಲ್ಯಾಟಿನ್ ಉದುರಿತ್ತು. ಪತ್ರಿಕೆಗಳು ಪ್ರಕರಣಕ್ಕೆ ‘ಪ್ಲೆಬ್‌ಗೇಟ್’ ಎಂದು ನಾಮಕರಣ ಮಾಡಿದವು. ವಾಟರ್‌ಗೇಟ್ ಆದಾಗಿನಿಂದ ಯಾವ ಹಗರಣಕ್ಕೂ ಗೇಟು ಹಚ್ಚುವುದು ಅವರ ರೂಢಿ. ಇಲ್ಲಿ ಗೇಟೇ ಹಗರಣವಾಗಿದ್ದರಿಂದ ಕೆಲವರು ‘ಗೇಟ್‌ಗೇಟ್’ ಎಂದೂ ಕರೆದರು.

ಈ ಪ್ಲೆಬ್ ಎಂದರೇನು? ರೋಮಿನ ‘ಪ್ಲೆಬ್ಸ್’ ಎಂದರೆ ಕುಲೀನರಲ್ಲದ ನಾಗರಿಕರ ಇಡೀ ಸಮುದಾಯ. ಮೇಲೆ ಪ್ಯಾಟ್ರಿಶಿಯನ್ನರು, ಅಂದರೆ ಹುಟ್ಟಿನಿಂದಲೇ ದೊಡ್ಡ ಮನೆತನದವರು. ಉಳಿದ ನಾಗರಿಕರೆಲ್ಲ ಪ್ಲೆಬ್ಸ್. ಅದು ಸಮೂಹವಾಚಕ. ಒಬ್ಬ ಮನುಷ್ಯ ಪ್ಲೆಬ್ಸ್ ಆಗಲು ಸಾಧ್ಯವಿಲ್ಲ. ಇಂಗ್ಲಿಷರು ಬಾಲದ ‘ಸ್’ ಅನ್ನು ಬಹುವಚನವೆಂದು ಭಾವಿಸಿ ಕತ್ತರಿಸಿ ಒಬ್ಬೊಬ್ಬರ ಹಣೆಗೂ ಹಚ್ಚುವಂತೆ ಮಾಡಿಕೊಂಡರು. ಬಡವ ಎಂಬ ಅರ್ಥವಂತೂ ಮೂಲದಲ್ಲಿ ಇರಲೇ ಇಲ್ಲ. ರೋಮಿನ ಕುಬೇರ ಕ್ರಾಸಸ್ ಪ್ಲೆಬ್ಸ್ ಕುಲದವನು, ದಂಡನಾಯಕ ಪಾಂಪೆ ಅದೇ ಕುಲ, ಮಾತಿನ ಮಲ್ಲ ಸಿಸೆರೋ ಕೂಡ ಅದೇ. ಪಬ್ಲಿಯಸ್ ಕ್ಲೋಡಿಯಸ್ ಎಂಬ ಹುಟ್ಟಾ ಕುಲೀನನಂತೂ ಕ್ರಿಸ್ತಪೂರ್ವ 59ರಲ್ಲಿ ಜೂಲಿಯಸ್ ಸೀಸರನ ನೆರವಿನಿಂದ, ತನಗಿಂತ ಚಿಕ್ಕ ವಯಸ್ಸಿನ ಒಬ್ಬ ಪ್ಲೆಬ್‌ಗೆ ದತ್ತುಮಗನಾಗಿ ಹೋದ. ಯಾಕೆಂದರೆ ‘ಟ್ರಿಬ್ಯೂನ್’ ಹುದ್ದೆ ಪ್ಲೆಬ್‌ಗಳಿಗೆ ಮೀಸಲಾಗಿತ್ತು. ಚುನಾವಣೆ ಹತ್ತಿರ ಬಂದಾಗ ಜಾತಿ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿ ಮೆಟ್ಟಿಲು ಹತ್ತುವವರು ಈತನ ಭಾವಚಿತ್ರವನ್ನು ಮನೆಯಲ್ಲಿ ತೂಗುಹಾಕಿಕೊಂಡರೆ ತಪ್ಪಿಲ್ಲ.

ಆ ಹುದ್ದೆ ಹುಟ್ಟಿದ್ದೇ ಒಂದು ಮುಷ್ಕರದಿಂದ. ಕ್ರಿಸ್ತಪೂರ್ವ 494ರಲ್ಲಿ ಸಾಲದ ಹೊರೆಗೂ ಕುಲೀನರ ದರ್ಪಕ್ಕೂ ಬೇಸತ್ತ ಪ್ಲೆಬ್‌ಗಳು ಊರು ಬಿಟ್ಟು ಪವಿತ್ರ ಬೆಟ್ಟವೊಂದನ್ನು ಹತ್ತಿ ಕುಳಿತರು ಎನ್ನುತ್ತದೆ ರೋಮನ್ ಇತಿಹಾಸ. ಯುದ್ಧಕ್ಕೆ ಹೋಗುವವರೇ ಇಲ್ಲ. ಕುಲೀನರು ಗಾಬರಿಯಾಗಿ ಮೆನೇನಿಯಸ್ ಅಗ್ರಿಪ್ಪ ಎಂಬ ಮಾತುಗಾರನನ್ನು ಸಂಧಾನಕ್ಕೆ ಅಟ್ಟಿದರು. ಅವನು ಹೋಗಿ ಒಂದು ಕಥೆ ಹೇಳಿದ: ಕೈಕಾಲು, ಬಾಯಿ ಎಲ್ಲ ಸೇರಿ, ಹೊಟ್ಟೆ ಕುಳಿತು ತಿನ್ನುತ್ತದೆ ಎಂದು ಮುನಿಸಿಕೊಂಡು ಕೆಲಸ ನಿಲ್ಲಿಸಿದವಂತೆ, ಕೊನೆಗೆ ದೇಹವೆಲ್ಲ ಸೊರಗಿತಂತೆ. ಕೆಳಗಿನವರ ಬೇಡಿಕೆಗೆ ಮೇಲಿನವರು ನೀತಿಕಥೆ ಹೇಳುವ ಪದ್ಧತಿ ಅಷ್ಟು ಹಳೆಯದು. ಪ್ಲೆಬ್‌ಗಳು ಕಥೆಯನ್ನು ಪೂರ್ತಿ ಕೇಳಿದರು, ಆದರೆ ತಮ್ಮದೇ ಟ್ರಿಬ್ಯೂನರನ್ನು ಆರಿಸಿಕೊಳ್ಳುವ ಹಕ್ಕು ಪಡೆಯದೆ ಬೆಟ್ಟ ಇಳಿಯಲಿಲ್ಲ. ಇನ್ನೂರು ವರ್ಷ ಹೋರಾಡಿ ಕ್ರಿಸ್ತಪೂರ್ವ 287ರಲ್ಲಿ, ತಮ್ಮ ಸಭೆಯ ನಿರ್ಣಯ ಕುಲೀನರನ್ನೂ ಕಟ್ಟಿಹಾಕುತ್ತದೆ ಎಂಬ ಕಾನೂನನ್ನೇ ಮಾಡಿಸಿಕೊಂಡರು. ಆ ನಿರ್ಣಯದ ಹೆಸರಿನಿಂದಲೇ ಇಂಗ್ಲಿಷಿನ ‘ಪ್ಲೆಬಿಸೈಟ್’ ಬಂದದ್ದು, ನಮ್ಮ ಪತ್ರಿಕೆಗಳ ಜನಮತಗಣನೆ. 2016ರ ಜೂನ್ 23ರಂದು ಕ್ಯಾಮರೂನರು ಐರೋಪ್ಯ ಒಕ್ಕೂಟದಲ್ಲಿ ಇರೋಣವೋ ಬಿಡೋಣವೋ ಎಂದು ಅದೇ ಜನರನ್ನು ಕೇಳಿದರು. ಮರುದಿನ ಬೆಳಿಗ್ಗೆ ರಾಜೀನಾಮೆ ಘೋಷಿಸಿದರು. ಬೆಟ್ಟ ಹತ್ತುವ ಶ್ರಮವೂ ಇಲ್ಲದೆ ಆದ ಕೆಲಸ.

ಇಷ್ಟು ಘನವಾದ ವಂಶಾವಳಿಯ ಪದ ಬೈಗುಳವಾದದ್ದು ಹೇಗೆ? ಇಂಗ್ಲೆಂಡಿನಲ್ಲಿ ಲ್ಯಾಟಿನ್ ಕಲಿಯುತ್ತಿದ್ದವರು ಯಾರು ಎಂದು ಕೇಳಿಕೊಂಡರೆ ಸಾಕು. ದುಬಾರಿ ಶುಲ್ಕದ ಹಳೆಯ ಶಾಲೆಗಳ ಹುಡುಗರು. ಆ ಶಾಲೆಗಳಿಗೆ ‘ಪಬ್ಲಿಕ್ ಸ್ಕೂಲ್’ ಎಂದು ಹೆಸರು. ಪಬ್ಲಿಕ್ಕಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ಬೇರೆ ಮಾತು. ಬೆಳಿಗ್ಗೆ ತರಗತಿಯಲ್ಲಿ ಪ್ಲೆಬ್‌ಗಳ ಹೋರಾಟದ ಪಾಠ, ಸಂಜೆ ಊರಿನ ಹುಡುಗರನ್ನು ಕಂಡರೆ ಅದೇ ಪದದಿಂದ ಗೇಲಿ. ಈ ಬೈಗುಳದಲ್ಲಿ ಅಶ್ಲೀಲ ಇಲ್ಲ, ಅಪ್ಪ-ಅಮ್ಮನ ಪ್ರಸ್ತಾಪ ಇಲ್ಲ, ಪ್ರಾಣಿಗಳ ಹೋಲಿಕೆಯೂ ಇಲ್ಲ. ನೀನು ನಿನ್ನ ಜಾಗದಲ್ಲಿ ನಿಂತಿದ್ದೀಯೆ, ನನಗೆ ಆ ಜಾಗ ಕಾಣುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಅದರಿಂದಲೇ ಉರಿಯುವುದು.

ಉಳಿದ ಬೈಗುಳಗಳಿಗೆ ಆ ದೇಶದಲ್ಲಿ ಮನೆಯ ಬೆಕ್ಕಿನಷ್ಟು ಸಲಿಗೆ. ಗಿಟ್, ಪ್ರ್ಯಾಟ್, ಪಿಲಕ್, ಪ್ಲಾಂಕರ್, ಮಪೆಟ್: ನಮ್ಮ ಗುಗ್ಗು, ಪೆದ್ದು, ದಡ್ಡಶಿಖಾಮಣಿಗಳ ಅಣ್ಣತಮ್ಮಂದಿರು. ಅಣ್ಣ ತಮ್ಮನಿಗೆ ಅನ್ನಬಹುದು, ಹೆಂಡತಿ ಗಂಡನಿಗೆ ಅನ್ನಬಹುದು, ಟೀವಿ ಧಾರಾವಾಹಿಯಲ್ಲಿ ಊಟದ ಹೊತ್ತಿಗೇ ಅನ್ನಬಹುದು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಂ ಬೈಗುಳಗಳ ಉರಿ ಎಷ್ಟೆಂದು ಜನರನ್ನು ಕೇಳಿ ಪಟ್ಟಿ ಮಾಡುತ್ತದೆ. ಅದರಲ್ಲಿ ‘ಗಿಟ್’ ಸೌಮ್ಯ ವರ್ಗಕ್ಕೆ ಸೇರಿದ್ದು. ಮೆಣಸಿನಕಾಯಿಗೂ ಇಷ್ಟು ಶ್ರದ್ಧೆಯಿಂದ ಖಾರ ಅಳೆಯುವವರಿಲ್ಲ. ಈ ಎಲ್ಲ ಪದಗಳೂ ಹೇಳುವುದು ನಿನಗೆ ಬುದ್ಧಿಯಿಲ್ಲ ಎಂದು. ಬುದ್ಧಿಯಿಲ್ಲ ಅನ್ನಿಸಿಕೊಳ್ಳಲು ಇಂಗ್ಲಿಷರು ಎಂದೂ ಹಿಂಜರಿದವರಲ್ಲ. ಅವರ ಪ್ರಭುವರ್ಗದಲ್ಲಿ ಅದೊಂದು ಅರ್ಹತೆಯೂ ಹೌದು.

ಸೂಕ್ಷ್ಮ ಇರುವುದು ಮೇಲು-ಕೀಳಿನ ಪದಗಳಲ್ಲಿ. 1950ರ ದಶಕದಲ್ಲಿ ಆಲನ್ ರಾಸ್ ಎಂಬ ಭಾಷಾಶಾಸ್ತ್ರಜ್ಞ ಮೇಲ್ವರ್ಗದವರ ಮಾತನ್ನು ‘ಯು’ ಎಂದೂ ಉಳಿದವರದ್ದನ್ನು ‘ನಾನ್-ಯು’ ಎಂದೂ ವಿಂಗಡಿಸಿದರು. ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಅದನ್ನು ಎತ್ತಿಕೊಂಡು ದೇಶದ ಹರಟೆಯನ್ನಾಗಿಸಿದರು. ಊಟದ ಹೊತ್ತಿನಲ್ಲಿ ಬಾಯಿ ಒರೆಸುವ ಬಟ್ಟೆಗೆ ನ್ಯಾಪ್ಕಿನ್ ಎಂದರೆ ಕುಲೀನ, ಸರ್ವಿಯೆಟ್ ಎಂದರೆ ಸಿಕ್ಕಿಬಿದ್ದ. ಕಕ್ಕಸಿಗೆ ಲ್ಯಾವಟರಿ ಎನ್ನುವವನು ದೊಡ್ಡವನು, ಟಾಯ್ಲೆಟ್ ಎನ್ನುವವನು ದೊಡ್ಡವನಾಗಲು ಹೊರಟವನು. ಸಾವಿರಾರು ಮಧ್ಯಮವರ್ಗದ ಮನೆಗಳಲ್ಲಿ ಅಂದಿನಿಂದ ಅತಿಥಿಗಳ ಎದುರು ಆ ಕೋಣೆಯ ಹೆಸರೆತ್ತಲು ಎದೆ ನಡುಗತೊಡಗಿತು.

‘ಸ್ನಾಬ್’ ಎಂಬ ಪದದ ಪಯಣ ಇನ್ನೂ ಸೊಗಸು. ಅದು ಮೊದಲು ಚಮ್ಮಾರನಿಗೆ ಇದ್ದ ಹೆಸರು. ಕೇಂಬ್ರಿಜ್ ವಿದ್ಯಾರ್ಥಿಗಳು ಅದನ್ನು ವಿಶ್ವವಿದ್ಯಾಲಯದ ಹೊರಗಿನ ಊರವರಿಗೆಲ್ಲ ಅಂಟಿಸಿದರು. ಥ್ಯಾಕರೆ 1840ರ ದಶಕದಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಸ್ನಾಬ್‌ಗಳ ಬಗ್ಗೆ ಬರೆದು ಬರೆದು, ಮೇಲಿನವರನ್ನು ಕಂಡರೆ ಬಾಗುವ, ಕೆಳಗಿನವರನ್ನು ಕಂಡರೆ ಮೂಗು ಮುರಿಯುವ ಮನುಷ್ಯನಿಗೆ ಅದನ್ನು ಶಾಶ್ವತ ಮಾಡಿಟ್ಟರು. ಅಂದರೆ ಚಪ್ಪಲಿ ಹೊಲಿಯುವವನಿಗೆ ಎಸೆದ ಪದ ಕೊನೆಗೆ ಚಪ್ಪಲಿ ಹೊಲಿಸಿಕೊಳ್ಳುವವನ ಕಾಲಿಗೆ ಸರಿಹೊಂದಿತು. ‘ಪ್ಲೆಬ್’ ಕೂಡ ಈಗ ಅದೇ ದಾರಿಯಲ್ಲಿದೆ. ಯಾರನ್ನು ಅನ್ನಲಾಯಿತೋ ಅವರಿಗೆ ಅದರಿಂದ ಬಿಡಿಗಾಸಿನ ನಷ್ಟವೂ ಇಲ್ಲ. ಅಂದವನದ್ದೇ ಪದವಿ ಹೋಗುತ್ತದೆ.

ನಷ್ಟವೇನು ಬಂತು, ಲಾಭವೇ ಆಯಿತು. ಕ್ಯಾಮರೂನ್ ಸರಕಾರ ಪೊಲೀಸ್ ಇಲಾಖೆಗೆ ಕೇಂದ್ರದ ಅನುದಾನವನ್ನು ನಾಲ್ಕು ವರ್ಷಗಳಲ್ಲಿ ಶೇಕಡಾ 20ರಷ್ಟು ಕಡಿತ ಮಾಡಲು ಹೊರಟಿತ್ತು. ಪೇದೆಗಳ ಸಂಘವಾದ ಪೊಲೀಸ್ ಫೆಡರೇಷನ್ ಗೃಹಮಂತ್ರಿ ತೆರೇಸಾ ಮೇ ಎದುರು ಸಂಬಳ-ಸಾರಿಗೆಗಾಗಿ ಗುದ್ದಾಡುತ್ತಿತ್ತು. ಸಂಬಳದ ಲೆಕ್ಕಾಚಾರಕ್ಕೆ ಕಿವಿಗೊಡದ ಜನ ಒಂದು ಬೈಗುಳಕ್ಕೆ ಎದ್ದು ಕುಳಿತರು. ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮ್ಮೇಳನ ನಡೆಯುವಾಗ ಫೆಡರೇಷನ್ನಿನವರು ‘ನಾನು ಪ್ಲೆಬ್, ಹೆಮ್ಮೆಯ ಪ್ಲೆಬ್’ ಎಂಬರ್ಥದ ಟೀಶರ್ಟು ತೊಟ್ಟು ಹೊರಗೆ ನಿಂತರು. ಅವಮಾನಕ್ಕೆ ಇಸ್ತ್ರಿ ಹಾಕಿ ಎದೆಯ ಮೇಲೆ ಧರಿಸಿದ ನೌಕರರ ಸಂಘ ಇದೊಂದೇ ಇರಬೇಕು. ಅಷ್ಟು ಗಾಯಗೊಂಡವರು ಅಷ್ಟು ಸರಿಯಾದ ಅಳತೆಯ ಅಂಗಿ ಹೊಲಿಸಿಕೊಂಡದ್ದು ನನಗಂತೂ ಮೆಚ್ಚುಗೆಯಾಯಿತು.

ಅಕ್ಟೋಬರ್ 19ರಂದು ಮಿಚೆಲ್ ರಾಜೀನಾಮೆ ಕೊಟ್ಟರು. ಅದೇ ದಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಎರಡನೇ ದರ್ಜೆಯ ಟಿಕೆಟ್ಟು ಹಿಡಿದು ರೈಲಿನ ಮೊದಲ ದರ್ಜೆಯಲ್ಲಿ ಕುಳಿತಿದ್ದು ಸುದ್ದಿಯಾಯಿತು. ಪತ್ರಕರ್ತೆಯೊಬ್ಬರು ಅದೇ ರೈಲಿನಲ್ಲಿದ್ದರು. ಹೆಚ್ಚುವರಿ ಹಣ ಕಟ್ಟಿ ಆಸ್ಬರ್ನ್ ಅಲ್ಲೇ ಕುಳಿತರು. ಕಷ್ಟಕಾಲದಲ್ಲಿ ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ ಎಂಬುದು ಆ ಸರಕಾರದ ಘೋಷಣೆಯಾಗಿತ್ತು. ದೋಣಿ ಒಂದೇ ಇದ್ದಿರಬಹುದು. ರೈಲಿನಲ್ಲಿ ಬೋಗಿಗಳು ಬೇರೆಬೇರೆ ಇರುತ್ತವೆ.

ಇನ್ನು ಖಾಲಿಯಾದ ಮುಖ್ಯ ಸಚೇತಕರ ಕುರ್ಚಿಗೆ ಯಾರು? ಕುಲೀನರ ದರ್ಪ ಎಂಬ ಕಳಂಕ ತೊಳೆಯಬೇಕಿತ್ತಲ್ಲ, ಕ್ಯಾಮರೂನ್ ಯೋಚಿಸಿ ಸರ್ ಜಾರ್ಜ್ ಯಂಗ್ ಅವರನ್ನು ಆರಿಸಿದರು. ಈಟನ್ ಶಾಲೆಯ ಹಳೆಯ ವಿದ್ಯಾರ್ಥಿ. ವಂಶಪಾರಂಪರ್ಯವಾಗಿ ಬಂದ ಬ್ಯಾರೊನೆಟ್ ಪದವಿಯ ಆರನೆಯ ಹಕ್ಕುದಾರ. ಸಂಸತ್ತಿನಲ್ಲಿ ಅವರಿಗೆ ಬಹಳ ವರ್ಷಗಳಿಂದ ಇದ್ದ ಅಡ್ಡಹೆಸರು ‘ಸೈಕಲ್ ಸವಾರ ಬ್ಯಾರೊನೆಟ್’. ಅಂದರೆ ಸೈಕಲ್ಲಿನ ತೊಂದರೆಗೂ ಕುಲೀನತೆಯ ತೊಂದರೆಗೂ ಒಂದೇ ಏಟಿಗೆ ಪರಿಹಾರ ಸಿಕ್ಕಂತಾಯಿತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟಿ ಹೇಳುವ ಧೈರ್ಯ ಯಾವ ವ್ಯಂಗ್ಯ ಬರಹಗಾರನಿಗೂ ಬರುವುದಿಲ್ಲ.

ಡಿಸೆಂಬರಿನಲ್ಲಿ ಕಥೆ ಮಗ್ಗುಲು ಬದಲಿಸಿತು. ಚಾನೆಲ್ 4 ಗೇಟಿನ ಕ್ಯಾಮೆರಾದ ದೃಶ್ಯಗಳನ್ನು ತೋರಿಸಿತು. ಬೈಗುಳ ಕೇಳಿ ದಾರಿಹೋಕರು ಬೆಚ್ಚಿಬಿದ್ದರು ಎಂದಿತ್ತು ಪೊಲೀಸರ ದಾಖಲೆ. ದೃಶ್ಯದಲ್ಲಿ ಬೆಚ್ಚಿಬಿದ್ದ ಜನರ ಗುಂಪು ಕಾಣಲಿಲ್ಲ. ಘಟನೆಯನ್ನು ಕಣ್ಣಾರೆ ಕಂಡ ಸಾಮಾನ್ಯ ನಾಗರಿಕ ಎಂದು ಹೇಳಿಕೊಂಡು ಉಪಸಚೇತಕರಿಗೆ ಇಮೇಲ್ ಬರೆದಿದ್ದ ಮನುಷ್ಯ ಅಲ್ಲಿ ಇರಲೇ ಇಲ್ಲವೆಂದೂ, ಅವನು ಸ್ವತಃ ಸೇವೆಯಲ್ಲಿದ್ದ ಪೊಲೀಸನೆಂದೂ ಬಯಲಾಯಿತು. 2014ರಲ್ಲಿ ಅವನು ತಪ್ಪೊಪ್ಪಿಕೊಂಡು 12 ತಿಂಗಳ ಸೆರೆವಾಸಕ್ಕೆ ಹೋದ. ಬೇರೆ ಕೆಲವು ಪೊಲೀಸರೂ ದುರ್ನಡತೆಗಾಗಿ ಕೆಲಸದಿಂದ ವಜಾ ಆದರು. ಸಂಧಾನಕ್ಕೆಂದು ಮಿಚೆಲ್ಲರನ್ನು ಅವರ ಕ್ಷೇತ್ರದಲ್ಲಿ ಭೇಟಿ ಮಾಡಿದ ಫೆಡರೇಷನ್ನಿನ ಮೂವರು, ಹೊರಗೆ ಬಂದು ಪತ್ರಕರ್ತರಿಗೆ ಹೇಳಿದ್ದೇ ಬೇರೆ, ಒಳಗೆ ಮಿಚೆಲ್ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದರಲ್ಲಿ ಇದ್ದದ್ದೇ ಬೇರೆ. ದರ್ಪದ ವಿರುದ್ಧ ಸತ್ಯದ ಹೋರಾಟವೆಂದು ಶುರುವಾದದ್ದು ಒಂದು ಬಗೆಯ ಸಮಾನತೆಯಲ್ಲಿ ಬಂದು ನಿಂತಿತು: ಮೇಲಿನವರ ಬಾಯಿಯನ್ನೂ ನಂಬುವಂತಿಲ್ಲ, ಕೆಳಗಿನವರ ಲೇಖನಿಯನ್ನೂ ನಂಬುವಂತಿಲ್ಲ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಮಿಚೆಲ್ ಹುತಾತ್ಮರಾಗಿಯೇ ಉಳಿಯುತ್ತಿದ್ದರು. ಆದರೆ ಮಾನ ಎಂಬುದು ಹಾಗೆ ಸುಮ್ಮನಿರಬಿಡುವ ವಸ್ತುವಲ್ಲ. ಅವರು ‘ದಿ ಸನ್’ ಪತ್ರಿಕೆಯ ಮೇಲೆ ದಾವೆ ಹೂಡಿದರು. ಗೇಟಿನಲ್ಲಿದ್ದ ಪೇದೆ ಟೋಬಿ ರೋಲೆಂಡ್, ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿದ್ದಾರೆ ಎಂದು ಅವರ ಮೇಲೆ ಹೂಡಿದರು. ವಕೀಲರು ಖರ್ಚಿನ ಅಂದಾಜುಪಟ್ಟಿಯನ್ನು ವಿಚಾರಣೆಗೆ ಏಳು ದಿನ ಮೊದಲು ಕೋರ್ಟಿಗೆ ಕೊಡಬೇಕು ಎಂಬುದು ಆಗಿನ ನಿಯಮ. ಮಿಚೆಲ್ಲರ ವಕೀಲರು ತಡಮಾಡಿದರು. ಅವರ ಅಂದಾಜು 5,06,425 ಪೌಂಡ್. ತಡವಾದ ತಪ್ಪಿಗೆ, ಗೆದ್ದರೂ ಕೋರ್ಟು ಶುಲ್ಕ ಬಿಟ್ಟು ಬೇರೆ ಖರ್ಚು ವಸೂಲಾಗದು ಎಂದಿತು ನ್ಯಾಯಾಲಯ. 2013ರ ನವೆಂಬರಿನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆ ತೀರ್ಪು ಎಷ್ಟು ಹೆಸರಾಯಿತೆಂದರೆ ಇಂಗ್ಲೆಂಡಿನ ಕಾನೂನು ವಿದ್ಯಾರ್ಥಿಗಳಿಗೆ ಮಿಚೆಲ್ ಎಂದರೆ ಗೇಟಿಗಿಂತ ಮೊದಲು ಗಡುವು ನೆನಪಾಗುತ್ತದೆ. ದೊಡ್ಡ ಗೇಟಿನ ನಿಯಮ ಸಡಿಲಿಸಿ ಎಂದ ಮನುಷ್ಯನ ಹೆಸರಿನಲ್ಲಿ, ಯಾರಿಗೂ ನಿಯಮ ಸಡಿಲಿಸಬೇಡಿ ಎಂಬ ಪೂರ್ವನಿದರ್ಶನ ದಾಖಲಾಯಿತು.

ಮಿಚೆಲ್ ಅಂಥವರಲ್ಲ ಎಂದು ಸಾಕ್ಷಿ ಹೇಳಿದವರಲ್ಲಿ ಸಂಗೀತಗಾರ ಬಾಬ್ ಗೆಲ್ಡಾಫ್ ಕೂಡ ಇದ್ದರು. ಒಬ್ಬನು ತಾನು ಸಾಮಾನ್ಯರನ್ನು ಕೀಳಾಗಿ ಕಾಣುವುದಿಲ್ಲ ಎಂದು ಸಾಬೀತು ಮಾಡಲು ಜಗತ್ಪ್ರಸಿದ್ಧರನ್ನು ಕರೆಸಬೇಕಾಗುವುದು ಕಾನೂನಿನ ಅನಿವಾರ್ಯ ಇರಬೇಕು. 2014ರ ನವೆಂಬರ್ 27ರಂದು ನ್ಯಾಯಮೂರ್ತಿ ಮಿಟಿಂಗ್ ತೀರ್ಪು ಓದಿದರು. ಆರೋಪಿಸಿದ ಮಾತುಗಳನ್ನು, ಅಥವಾ ಅವುಗಳಿಗೆ ತೀರ ಹತ್ತಿರವಾದ ಮಾತುಗಳನ್ನು ಮಿಚೆಲ್ ಆಡಿದ್ದಾರೆ. ರಾಜಕೀಯವಾಗಿ ವಿಷವಾದ ‘ಪ್ಲೆಬ್’ ಕೂಡ ಅದರಲ್ಲಿ ಸೇರಿದೆ ಎಂಬುದು ಅವರ ನಿರ್ಣಯ. ಸರಿ, ಪೇದೆಯ ಮಾತನ್ನು ನಂಬಲು ಅವರು ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿ. ಸಿಟ್ಟಿನಲ್ಲಿದ್ದ ಹಿರಿಯ ರಾಜಕಾರಣಿಯೊಬ್ಬರು ಹೀಗೆ ಅಂದರು ಎಂದು ನಿಂತ ನಿಲುವಿನಲ್ಲಿ ಸೃಷ್ಟಿಸಿ ಹೇಳುವಷ್ಟು ಚುರುಕಾಗಲಿ, ಕಲ್ಪನಾಶಕ್ತಿಯಾಗಲಿ, ಒಲವಾಗಲಿ ಇರುವ ಮನುಷ್ಯನಲ್ಲ ಈತ ಎಂದರು ನ್ಯಾಯಮೂರ್ತಿಗಳು.

ಇನ್ನೊಮ್ಮೆ ಓದಿಕೊಳ್ಳಿ. ಪೇದೆ ಗೆದ್ದದ್ದು ಹೀಗೆ. ನಿನ್ನನ್ನು ಪ್ಲೆಬ್ ಎಂದು ಬೈದದ್ದು ನಿಜವೆಂದು ನಾವು ನಂಬುತ್ತೇವೆ, ಯಾಕೆಂದರೆ ಅದನ್ನು ಕಟ್ಟಿ ಹೇಳುವಷ್ಟು ತಲೆ ನಿನಗಿಲ್ಲ. ಸೈಕಲ್ಲಿನ ಮೇಲಿನ ಮನುಷ್ಯ ಸಿಟ್ಟಿನ ಭರದಲ್ಲಿ ಒಂದೇ ಪದದಲ್ಲಿ ಹೇಳಿದ್ದನ್ನು ಪೀಠದ ಮೇಲಿನ ಮನುಷ್ಯ ಶಾಂತಚಿತ್ತದಿಂದ, ವಾಕ್ಯರಚನೆ ಸಹಿತ, ಅಧಿಕೃತ ಮೊಹರು ಹಾಕಿ ಹೇಳಿದರು. ಮೊದಲನೆಯದು ಮಾನನಷ್ಟ. ಎರಡನೆಯದು ನ್ಯಾಯದಾನ. ಪೇದೆ ಹೊರಗೆ ಬಂದು ಸಂತೋಷ ವ್ಯಕ್ತಪಡಿಸಿದರು. ಆಮೇಲೆ ಮಿಚೆಲ್ಲರಿಂದ ಅವರಿಗೆ 80,000 ಪೌಂಡ್ ಪರಿಹಾರವೂ ಸಂದಿತು. ಒಟ್ಟು ವ್ಯಾಜ್ಯದ ಖರ್ಚು 30 ಲಕ್ಷ ಪೌಂಡ್ ಮುಟ್ಟಬಹುದೆಂದು ಪತ್ರಿಕೆಗಳು ಅಂದಾಜು ಮಾಡಿದವು. ನಾಲ್ಕಕ್ಷರದ ಪದ, ಅಕ್ಷರಕ್ಕೆ ಏಳೂವರೆ ಲಕ್ಷ. ಎಫ್ ಅಕ್ಷರದ ಪದವೂ ನಾಲ್ಕಕ್ಷರದ್ದೇ. ಅದಕ್ಕೆ ಒಂದು ಕ್ಷಮಾಪಣೆ ಸಾಕಾಯಿತು.

ಆ ನವೆಂಬರ್ ತಿಂಗಳು ಇಂಗ್ಲೆಂಡಿಗೆ ಇಂಥದ್ದರ ಸುಗ್ಗಿ. ತೀರ್ಪಿಗೆ ಒಂದು ವಾರ ಮೊದಲು ಲೇಬರ್ ಪಕ್ಷದ ಎಮಿಲಿ ಥಾರ್ನ್‌ಬೆರಿ ಉಪಚುನಾವಣೆಯ ದಿನ ರೋಚೆಸ್ಟರಿನ ಮನೆಯೊಂದರ ಚಿತ್ರವನ್ನು ಟ್ವಿಟರಿಗೆ ಹಾಕಿದರು. ಮನೆಯ ಮೇಲೆ ಇಂಗ್ಲೆಂಡಿನ ಬಾವುಟಗಳು, ಮುಂದೆ ಬಿಳಿ ವ್ಯಾನು. ಕೆಳಗೆ ಬರೆದದ್ದು ರೋಚೆಸ್ಟರಿನ ಚಿತ್ರ ಎಂದಷ್ಟೇ. ಬೈಗುಳ ಇಲ್ಲ, ವಿಶೇಷಣ ಇಲ್ಲ, ಉದ್ಗಾರಚಿಹ್ನೆಯೂ ಇಲ್ಲ. ಆದರೂ ಅಂದು ರಾತ್ರಿಯೇ ಅವರ ಪಕ್ಷದ ಹುದ್ದೆ ಹೋಯಿತು. ಬಿಳಿ ವ್ಯಾನಿನವರನ್ನು ಕೀಳಾಗಿ ಕಂಡರು ಎಂದು ದೇಶವೆಲ್ಲ ಕೂಗಿತು. ಚಿತ್ರದಲ್ಲಿ ಕಾಣದ ತಿರಸ್ಕಾರ ನೋಡಿದವರಿಗೆಲ್ಲ ಹೇಗೆ ಕಂಡಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಮುಜುಗರದ್ದಾಗುತ್ತಿತ್ತು. ಅದೇ ವಾರ ಮಾಜಿ ಮಂತ್ರಿ ಡೇವಿಡ್ ಮೆಲರ್ ಟ್ಯಾಕ್ಸಿ ಚಾಲಕನೊಬ್ಬನಿಗೆ ದಾರಿಯ ವಿಷಯಕ್ಕೆ ಜಗಳ ತೆಗೆದು, ಬೆವರುನಾತದ ದಡ್ಡ ಗಿಟ್ ಎಂಬರ್ಥದಲ್ಲಿ ಬೈದು, ತಾವು ಸಂಪುಟದಲ್ಲಿದ್ದವರು, ಪ್ರಶಸ್ತಿ ಪಡೆದ ಪ್ರಸಾರಕರು, ರಾಣಿಯ ವಕೀಲರು ಎಂದು ಬಿರುದಾವಳಿ ಓದಿದ್ದನ್ನು ಚಾಲಕ ಮುದ್ರಿಸಿಕೊಂಡು ಪತ್ರಿಕೆಗೆ ಕೊಟ್ಟ. ಇಲ್ಲಿಯೂ ಜನರಿಗೆ ನೆನಪುಳಿದದ್ದು ಗಿಟ್ ಅಲ್ಲ, ಬಿರುದಾವಳಿ.

ನಮ್ಮ ಕಡೆ ಇಂಥದ್ದೊಂದು ಆಗಿತ್ತು. 2009ರ ಸೆಪ್ಟೆಂಬರಿನಲ್ಲಿ, ವಿದೇಶಾಂಗ ಇಲಾಖೆಯ ರಾಜ್ಯಮಂತ್ರಿಯಾಗಿದ್ದ ಶಶಿ ತರೂರ್, ವಿಮಾನದ ಅಗ್ಗದ ದರ್ಜೆಗೆ ‘ಕ್ಯಾಟಲ್ ಕ್ಲಾಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಬಳಸಿ, ಪವಿತ್ರ ಗೋವುಗಳನ್ನೂ ಸೇರಿಸಿ ಹಾಸ್ಯ ಮಾಡಿದರು. ಅಗ್ಗದ ದರ್ಜೆಯಲ್ಲಿ ಒಮ್ಮೆಯೂ ಕುಳಿತಿರದ ನಾಯಕರೆಲ್ಲ ಸಾಮಾನ್ಯ ಪ್ರಯಾಣಿಕನ ಪರವಾಗಿ ಕಂಬನಿ ಮಿಡಿದರು. ತರೂರ್ ಕ್ಷಮೆ ಕೇಳಿದರು. ಸೀಟಿನ ನಡುವಿನ ಜಾಗ ಮಾತ್ರ ಒಂದಿಂಚೂ ಹೆಚ್ಚಲಿಲ್ಲ.

ಅದು ಬಿಟ್ಟರೆ ನಮಗೆ ಪ್ಲೆಬ್ ಥರದ ಬೈಗುಳದ ಅಗತ್ಯ ಬಿದ್ದಂತೆ ಕಾಣುವುದಿಲ್ಲ. ನಮ್ಮ ಸಭೆಗಳಲ್ಲಿ ‘ಪಂಡಿತರಿಂದ ಪಾಮರರವರೆಗೆ’ ಎಂದು ಭಾಷಣಕಾರರು ಶುರುಮಾಡಿದರೆ ಜನ ಚಪ್ಪಾಳೆ ತಟ್ಟುತ್ತಾರೆ; ತಾನು ಯಾವ ತುದಿಯಲ್ಲಿದ್ದೇನೆ ಎಂದು ಯಾರೂ ಎದ್ದು ಕೇಳುವುದಿಲ್ಲ, ಪ್ರತಿಯೊಬ್ಬನೂ ಪಾಮರ ಪಕ್ಕದ ಕುರ್ಚಿಯಲ್ಲಿದ್ದಾನೆ ಎಂದುಕೊಂಡಿರುತ್ತಾನೆ. ಇನ್ನು ಗೇಟಿನ ವಿಚಾರ. ವಿಧಾನಸೌಧದ ಗೇಟಿನಲ್ಲೋ ಹೆದ್ದಾರಿಯ ಟೋಲಿನಲ್ಲೋ ದೇವಸ್ಥಾನದ ವಿಶೇಷ ದರ್ಶನದ ಸಾಲಿನಲ್ಲೋ ಒಬ್ಬ ಪೇದೆ ಮಂತ್ರಿಗಳಿಗೆ, ಸ್ವಾಮಿ, ಇಳಿದು ದಿಡ್ಡಿ ಬಾಗಿಲಿನಿಂದ ಬನ್ನಿ ಎಂದನೆಂದು ಊಹಿಸಿಕೊಳ್ಳಿ. ಊಹೆಗೆ ಬರುತ್ತಿಲ್ಲವಲ್ಲ? ಮೊದಲನೆಯದಾಗಿ ಮಂತ್ರಿಗಳು ಸೈಕಲ್ ಏರುವುದು ಪೆಟ್ರೋಲ್ ಬೆಲೆ ಏರಿದಾಗ, ವಿರೋಧಪಕ್ಷದಲ್ಲಿದ್ದಾಗ, ಕ್ಯಾಮೆರಾಗಳು ಬಂದ ಮೇಲೆ. ಎರಡನೆಯದಾಗಿ, ಗೇಟು ದೂರದಿಂದಲೇ ತೆರೆದುಕೊಂಡಿರುತ್ತದೆ. 2017ರ ಮೇ 1ರಿಂದ ಕಾರಿನ ಮೇಲಿನ ಕೆಂಪುದೀಪ ಹೋಯಿತು, ನಿಜ. ದೀಪ ಹೋದರೂ ಬೆಳಕು ಹೋಗಿಲ್ಲ, ಪೇದೆಗೆ ಕಾಣುತ್ತದೆ. ತಪ್ಪಿ ಒಬ್ಬ ತಡೆದರೂ ಅವನಿಗೆ ಯಾರೂ ಬೈಯುವುದಿಲ್ಲ. ‘ನಾನ್ಯಾರು ಗೊತ್ತೇನಪ್ಪಾ?’ ಎಂದು ಪ್ರೀತಿಯಿಂದ ಕೇಳುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ, ವಾರದೊಳಗೆ ನೀರು-ನೆರಳಿಲ್ಲದ ಕಡೆಗೆ ಎತ್ತಂಗಡಿ ಆದೇಶ ಬರುತ್ತದೆ. ಆಡಳಿತದ ಹಿತದೃಷ್ಟಿಯಿಂದ ಎಂದು ಅದರಲ್ಲಿ ಬರೆದಿರುತ್ತದೆ. ಅದರ ವಿರುದ್ಧ ಮಾನನಷ್ಟದ ದಾವೆ ಹೂಡಲು ಯಾವ ಪದವನ್ನು ಹಿಡಿದುಕೊಳ್ಳುತ್ತೀರಿ?

ಮಿಚೆಲ್ ಸಾಹೇಬರ ಬಗ್ಗೆ ಮರುಕಪಡುವ ಅಗತ್ಯವಿಲ್ಲ. ಹತ್ತು ವರ್ಷ ಕಾದು 2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಸರಕಾರದಲ್ಲಿ ಮತ್ತೆ ಮಂತ್ರಿಯಾದರು. 2024ರಲ್ಲಿ ಉಪ ವಿದೇಶಾಂಗ ಮಂತ್ರಿ ಎಂಬ ಹೆಸರೂ ಸಿಕ್ಕಿತು. ಆಗ ಅವರ ಮೇಲಿನ ವಿದೇಶಾಂಗ ಮಂತ್ರಿ ಯಾರು ಗೊತ್ತೇ? ಪ್ರಭುಗಳ ಸಭೆಯ ಸದಸ್ಯತ್ವ ಪಡೆದು ಮರಳಿ ಬಂದಿದ್ದ ಲಾರ್ಡ್ ಕ್ಯಾಮರೂನ್. ಸೈಕಲ್ ಸವಾರ ಬ್ಯಾರೊನೆಟ್ಟರೂ ಅಷ್ಟರಲ್ಲಿ ಲಾರ್ಡ್ ಆಗಿ ಅದೇ ಸಭೆ ಸೇರಿದ್ದರು. ನಡುವೆ 2021ರಲ್ಲಿ ಮಿಚೆಲ್ ಒಂದು ಆತ್ಮಕಥೆ ಬರೆದರು. ಪ್ರಭುವರ್ಗದ ಸುಧಾರಿತ ಚಾಕರನೊಬ್ಬನ ಕಥೆಗಳು ಎಂಬುದು ಅದರ ಉಪಶೀರ್ಷಿಕೆಯ ಭಾವಾರ್ಥ. ತಮ್ಮನ್ನು ಚಾಕರ ಎಂದು ರಕ್ಷಾಪುಟದ ಮೇಲೇ ಅಚ್ಚುಹಾಕಿಸಿದ್ದಕ್ಕೆ ಈ ಸಲ ಅವರು ಯಾರ ಮೇಲೂ ದಾವೆ ಹೂಡಲಿಲ್ಲ.